ಮೊದಲು ಕಾಲು, ಆಮೇಲೆ ಕೋಲು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಬಡಿಗೆ ಹಿಡಿಯದ ಕೈ ಅಪರೂಪ. ಕುರಿ ಮೇಯಿಸುವವನ ಹೆಗಲ ಮೇಲೆ ಅಡ್ಡಲಾಗಿ ಕೂತ ಕೋಲು, ಜಾಲಿಯ ಟೊಂಗೆ ಎಳೆಯಲೆಂದು ತುದಿಗೆ ಕುಡಗೋಲು ಕಟ್ಟಿದ ದೋಟಿ, ಬೆಳೆ ಕಾಯಲು ರಾತ್ರಿ ಹೊಲಕ್ಕೆ ಹೋಗುವವನ ಜೊತೆಗಿನ ದೊಣ್ಣೆ, ಹಿರಿಯರ ಊರುಗೋಲು, ಇವೆಲ್ಲ ದಿನದ ಬಾಳಿನ ಸಾಮಾನುಗಳೇ ಆಗಿದ್ದು, ಅವನ್ನು ಹಿಡಿಯುವ ಬಗೆಯನ್ನು ಯಾರೂ ಯಾರಿಗೂ ಕೂರಿಸಿ ಹೇಳಿಕೊಟ್ಟಿದ್ದಿಲ್ಲ. ಆದರೆ ಅದೇ ಬಿದಿರಿನ ಕೋಲು ಗರಡಿಮನೆಯ ಗೋಡೆಗೆ ಆನಿಕೊಂಡು ನಿಂತಾಗ ಅದರ ಹೆಸರೂ ಮರ್ಯಾದೆಯೂ ಬೇರೆಯಾಗುತ್ತಿದ್ದವು: ಆಗ ಅದು ಲಾಠಿ, ಅದನ್ನು ಆಡುವ ಕ್ರಮ ವರಸೆ, ಅದನ್ನು ಕಲಿಸುವವರು ವಸ್ತಾದರು. ವರಸೆ ಎಂದರೆ ಹೆಜ್ಜೆ, ಏಟು, ತಡೆ ಇವು ಗೊತ್ತಾದ ಕ್ರಮದಲ್ಲಿ ಒಂದರ ಬೆನ್ನಿಗೊಂದು ಬರುವ ಸರಣಿ. ದಕ್ಷಿಣದ ಜಿಲ್ಲೆಗಳಲ್ಲಿ ದೊಣ್ಣೆವರಸೆ ಎಂದು ಕರೆಯುವ ವಿದ್ಯೆಗೆ ಇದು ಹತ್ತಿರದ ಬಂಧು, ಮರಾಠಿ ಮತ್ತು ಉರ್ದುವಿನ ನೆರೆಯಲ್ಲಿ ಬೆಳೆದದ್ದರಿಂದ ಮಾತ್ರ ಹೆಸರು ಬೇರೆ.

ವಿಜಯಪುರದಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಹೊರ್ತಿ ಸುತ್ತಲಿನ ಊರುಗಳಿಗೆಲ್ಲ ರೇವಣಸಿದ್ಧೇಶ್ವರನ ಕ್ಷೇತ್ರವೆಂದು ಪರಿಚಿತ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು, ವ್ಯಾಪಾರಕ್ಕೂ ದುಡಿಮೆಗೂ ಜನ ಸೋಲಾಪುರದ ದಾರಿ ಹಿಡಿಯುತ್ತಿದ್ದರು, ಆದ್ದರಿಂದ ಗರಡಿಯ ಮಾತುಗಳೂ ಆ ದಾರಿಯಲ್ಲೇ ಬಂದುಹೋಗಿವೆ. 1970ರ ದಶಕದ ಕೊನೆಯಿಂದ 80ರ ದಶಕದ ನಡುಭಾಗದವರೆಗೆ ಈ ಭಾಗದಲ್ಲಿ ಲಾಠಿ ಹಿಡಿದು ನಿಂತ ಹುಡುಗರ ಒಂದು ಪೀಳಿಗೆಯಿತ್ತು. ಈ ಬರಹದ ಲೇಖಕನೂ ಆ ಸಾಲಿನಲ್ಲಿ ನಿಂತವನಾದ್ದರಿಂದ ಮುಂದೆ ಹೇಳುವುದರಲ್ಲಿ ಹೆಚ್ಚಿನದು ಕಣ್ಣಿಗೆ ಕಂಡದ್ದು, ಮೈಗೆ ತಾಗಿದ್ದು. ಇಷ್ಟು ವರ್ಷಗಳ ಮೇಲೆ ಹಿಂದಿರುಗಿ ನೋಡಿದರೆ, ಆ ಕಲಿಕೆಯ ತಿರುಳು ಯಾವುದೋ ಗುಟ್ಟಿನ ಏಟಿನಲ್ಲಿ ಇರಲಿಲ್ಲ, ಯಾವುದನ್ನು ಮೊದಲು ಕಲಿಸಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬ ಕ್ರಮದಲ್ಲಿ ಇತ್ತು ಎಂಬುದು ಸ್ಪಷ್ಟವಾಗುತ್ತದೆ.

ಹೊಸಬನಿಗೆ ಮೊದಲು ಬೇಕಾದದ್ದು ಕೋಲಿಗಿಂತ ನೆಲ. ಎರೆಭೂಮಿಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ: ಮಳೆ ಬಿದ್ದರೆ ಕಪ್ಪು ಮಣ್ಣು ಅಂಗಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಗೊಡುವುದಿಲ್ಲ, ಬೇಸಿಗೆ ಬಂದರೆ ಅದೇ ನೆಲ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಗರಡಿಯ ಒಳಗಿನ ಮಣ್ಣು ಕುಸ್ತಿಗೆ ಮೀಸಲು. ಹೊರಗಿನಿಂದ ತಂದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಮತ್ತು ಇಂಡಿ ಸೀಮೆಯಲ್ಲಿ ಧಾರಾಳವಾಗಿ ಸಿಗುವ ಲಿಂಬೆಯ ರಸ ಬೆರೆಸಿ ಹದಗೊಳಿಸಿದ ಆ ಅಖಾಡ ಬೀಳುವ ಮೈಯನ್ನು ತಾಳಿಕೊಳ್ಳಲು ಮೆತ್ತಗಿರಬೇಕಾದದ್ದು, ಲಾಠಿಯವನ ಕಾಲು ಅಲ್ಲಿ ಹೂತುಹೋಗುತ್ತದೆ. ಹೀಗಾಗಿ ಲಾಠಿಯ ತಾಲೀಮು, ಎಂದರೆ ನಿತ್ಯದ ಅಭ್ಯಾಸ, ಗುಡಿಯ ಮುಂದಿನ ಬಯಲಿನಲ್ಲೋ, ಸುಗ್ಗಿ ಮುಗಿದ ಮೇಲೆ ಕಣದಲ್ಲೋ ನಡೆಯುತ್ತಿತ್ತು. ಜೋಳದ ರಾಶಿ ಮಾಡಲು ಹೊಲದ ಮೂಲೆಯೊಂದನ್ನು ಕೆತ್ತಿ, ನೀರು ಹಾಕಿ ತುಳಿದು, ಸೆಗಣಿಯಿಂದ ಸಾರಿಸಿ ಗಟ್ಟಿಮಾಡಿದ ದುಂಡನೆಯ ಜಾಗವೇ ಕಣ. ಅದರ ನಟ್ಟನಡುವೆ ದನಗಳನ್ನು ಕಟ್ಟಿ ಸುತ್ತಿಸಲು ನೆಟ್ಟ ಕಂಬ ಮೇಟಿ. ರಾಶಿ ಮನೆಗೆ ಹೋದ ಮೇಲೆ ಖಾಲಿ ಉಳಿದ ಕಣ ಲಾಠಿ ಕಲಿಯುವವನಿಗೆ ಹೇಳಿ ಮಾಡಿಸಿದ ಶಾಲೆಯಾಗಿತ್ತು, ಏಕೆಂದರೆ ನೆಲ ಸಮ, ಅಂಚು ದುಂಡು, ನಡುವೆ ಕದಲದೆ ನಿಂತ ಒಬ್ಬ ಎದುರಾಳಿ. ಕಲಿಯುವವನು ಮೇಟಿಯ ಕಡೆಗೇ ಮುಖ ಮಾಡಿ, ಅದರಿಂದ ಒಂದು ಕೋಲಳತೆ ದೂರ ಕಾಯ್ದುಕೊಂಡು, ಸುತ್ತು ಬರಬೇಕು; ಈ ಸುತ್ತಿನಲ್ಲಿ ಕೈಗೆ ಕೆಲಸವೇ ಇಲ್ಲ.

ಕಾಲಿನ ಪಾಠ ಹೀಗೆ ಶುರುವಾಗುತ್ತಿತ್ತು. ಎರಡು ಪಾದಗಳ ನಡುವೆ ಹೆಗಲಗಲಕ್ಕಿಂತ ಸ್ವಲ್ಪ ಹೆಚ್ಚು ಅಂತರ, ಮುಂಗಾಲಿನ ಹೆಬ್ಬೆರಳು ಎದುರಾಳಿಯ ಕಡೆಗೆ, ಹಿಂಗಾಲು ಓರೆಯಾಗಿ, ಮಂಡಿಗಳು ಸಡಿಲವಾಗಿ ತುಸು ಬಾಗಿ, ಮೈಭಾರ ಎರಡೂ ಕಾಲಿಗೆ ಹಂಚಿಹೋಗಿರುವ ಈ ನಿಲುವನ್ನು ವಸ್ತಾದರು ಪವಿತ್ರಾ ಎನ್ನುತ್ತಿದ್ದರು; ಮರಾಠಿಯಿಂದ ಬಂದ ಈ ಮಾತು ಹಿಂದೂಸ್ತಾನಿಯಲ್ಲಿ ಪೈಂತರಾ ಎಂದಾಗುತ್ತದೆ. ನಿಲುವಿನಿಂದ ಮುಂದೆ ಸರಿಯುವಾಗ ಮೊದಲು ಮುಂಗಾಲು, ಹಿಂದೆ ಸರಿಯುವಾಗ ಮೊದಲು ಹಿಂಗಾಲು, ಪಕ್ಕಕ್ಕೆ ಸರಿಯುವಾಗ ಯಾವ ಕಡೆ ಹೋಗುವುದೋ ಆ ಕಡೆಯ ಕಾಲು; ಒಂದು ಕಾಲು ಇನ್ನೊಂದನ್ನು ದಾಟಿ ಕತ್ತರಿಯಾಗಕೂಡದು, ಏಕೆಂದರೆ ಕತ್ತರಿಗಾಲಿನಲ್ಲಿ ನಿಂತವನನ್ನು ಕೆಡವಲು ಏಟೂ ಬೇಕಿಲ್ಲ, ಹೆಗಲಿಗೆ ಕೈ ತಾಗಿಸಿದರೆ ಸಾಕು. ಹಿಮ್ಮಡಿಯನ್ನು ನೆಲದಿಂದ ಒಂದು ಕೂದಲೆಳೆಯಷ್ಟು ಎತ್ತಿ, ಪಾದದ ಮುಂಭಾಗವನ್ನು ನೆಲಕ್ಕೆ ಉಜ್ಜಿದಂತೆ ಸರಿಸುವ ಹೆಜ್ಜೆ ಸೆಗಣಿ ಸಾರಿಸಿದ ಕಣದ ಮೇಲೆ ಸಣ್ಣ ಗೀರು ಬಿಡುತ್ತಿತ್ತು, ಮತ್ತು ಆ ಗೀರನ್ನು ನೋಡಿಯೇ ವಸ್ತಾದರು ಯಾರ ಹೆಜ್ಜೆ ಸಮ, ಯಾರದು ಎಡವಟ್ಟು ಎಂದು ಹೇಳಿಬಿಡುತ್ತಿದ್ದರು. ಹುಡುಗರಿಗೆ ಇದು ಬೇಸರದ ಕೆಲಸ. ಗೋಡೆಗೆ ಆನಿಸಿಟ್ಟ ಲಾಠಿಗಳ ಕಡೆಗೆ ಅವರ ಕಣ್ಣು ಹೋಗುತ್ತಿದ್ದುದನ್ನು ಕಂಡು ವಸ್ತಾದರು, "ತಮ್ಮಾ, ಮದಲ ಕಾಲ ನೋಡ್ಕೊ, ಕೈ ಆಮ್ಯಾಲ ತಾನ ಬರ್ತೈತಿ" ಎಂದು ಸಮಾಧಾನದಿಂದಲೇ ಹೇಳುತ್ತಿದ್ದರು.

ಈ ಮಾತು ಒಂದು ಊರಿನ ರೂಢಿಯಷ್ಟೇ ಅಲ್ಲ. ತಮಿಳುನಾಡಿನ ಕೋಲುವಿದ್ಯೆಯಾದ ಸಿಲಂಬಂ ಕಲಿಯುವವರಿಗೂ ಮೊದಲು ಕಾಲಡಿ, ಎಂದರೆ ಹೆಜ್ಜೆಗಳ ಪಾಠವೇ ಆಗಬೇಕು; ಕೋಲು ಉದ್ದವಿದ್ದಷ್ಟೂ ಅದನ್ನು ಹೊರುವ ನಿಲುವು ಗಟ್ಟಿಯಿರಬೇಕಾಗುತ್ತದೆ ಎಂಬುದು ಎರಡೂ ಕಡೆ ಕಂಡುಕೊಂಡ ಸತ್ಯ. ಇನ್ನೂ ಹಿಂದಕ್ಕೆ ಹೋದರೆ, ಇದೇ ನೆಲವನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅಂಕವಿನೋದ ಮತ್ತು ಮಲ್ಲವಿನೋದ ಎಂಬ ಭಾಗಗಳಿದ್ದು, ಅಂಕ ಎಂದರೆ ಆಯುಧ ಹಿಡಿದ ಇಬ್ಬರ ಕಾಳಗ, ಮಲ್ಲರ ವಿಷಯದಲ್ಲಿ ಅವರ ವಯಸ್ಸು, ಮೈಕಟ್ಟು, ಆಹಾರ, ಅಭ್ಯಾಸಗಳನ್ನೆಲ್ಲ ಆ ಗ್ರಂಥ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬಲಕ್ಕೆ ಮುನ್ನ ಸಿದ್ಧತೆ ಎಂಬ ತಿಳುವಳಿಕೆ ಈ ಸೀಮೆಗೆ ಹೊಸದಲ್ಲ.

ಇನ್ನು ಕೋಲಿನ ಮಾತು. ಎರೆನೆಲದಲ್ಲಿ ಬಿದಿರು ಬೆಳೆಯುವುದಿಲ್ಲವಾದ್ದರಿಂದ ಲಾಠಿಗೆ ತಕ್ಕ ಗಳವನ್ನು ಬುಟ್ಟಿ, ಮೊರ, ಏಣಿ ಮಾಡುವ ಮೇದಾರರಿಂದಲೋ ಸಂತೆಯಿಂದಲೋ ಕೊಳ್ಳಬೇಕಾಗುತ್ತಿತ್ತು. ಬುಟ್ಟಿಗೆ ಆಗುವ ಟೊಳ್ಳು ಬಿದಿರು ಲಾಠಿಗೆ ಆಗದು. ಒಳಗೆ ಪೊಳ್ಳಿಲ್ಲದ ಅಥವಾ ತೀರ ಕಡಿಮೆ ಪೊಳ್ಳಿರುವ, ಗೆಣ್ಣುಗಳು ಹತ್ತಿರ ಹತ್ತಿರ ಇರುವ ಗಟ್ಟಿ ಬಿದಿರೇ ಬೇಕು. ಉದ್ದ ಹಿಡಿಯುವವನ ಕಿವಿಯ ಮಟ್ಟ, ದಪ್ಪ ಬೆರಳುಗಳು ಸುತ್ತಿ ಹೆಬ್ಬೆರಳು ಮಧ್ಯದ ಬೆರಳನ್ನು ಮುಟ್ಟುವಷ್ಟು, ಹೀಗೆ ಅಳತೆಯೆಲ್ಲ ಹಿಡಿಯುವವನ ಮೈಯಿಂದಲೇ ಹೊರಡುತ್ತಿತ್ತು. ಅಣ್ಣನ ಲಾಠಿ ತಮ್ಮನಿಗೆ ಒಗ್ಗದಿರುವುದು ಇದರಿಂದ. ಗೆಣ್ಣಿನ ಮೊಳಕೆಗಳನ್ನು ಕತ್ತಿಯಿಂದ ಸವರಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ಎಳೆಬಿಸಿಲಿನಲ್ಲಿ ಇಟ್ಟು ದಿನವೂ ಎಣ್ಣೆ ತಿಕ್ಕಿ ಉಣಿಸುತ್ತಿದ್ದರು, ಎಣ್ಣೆ ಉಂಡ ಬಿದಿರು ಬಿಸಿಲಿಗೆ ಸೀಳುವುದಿಲ್ಲ, ಏಟಿಗೆ ಸಿಬಿರೇಳುವುದಿಲ್ಲ. ತುದಿಗೆ ಹಾಕುವ ಲೋಹದ ಬಳೆಗೆ ಅಣಸು ಎನ್ನುತ್ತಾರೆ. ಹೊಲ ಕಾಯುವವನ ದೊಣ್ಣೆಗೆ ಅಣಸು ಇರುತ್ತಿತ್ತು, ಕಲಿಯುವವನ ಲಾಠಿಗೆ ಮಾತ್ರ ಅದನ್ನು ಹಾಕಿಸುತ್ತಿರಲಿಲ್ಲ. ಇದು ಬಹಳ ವಿವೇಕದ ನಿಯಮ, ಏಕೆಂದರೆ ತಿರುಗುವ ಕೋಲಿನ ಕೊನೆಯ ಒಂದು ಗೇಣಿನಲ್ಲೇ ಅದರ ವೇಗವೆಲ್ಲ ಕೂಡಿರುತ್ತದೆ, ಅಲ್ಲಿ ಕಬ್ಬಿಣವೂ ಸೇರಿದರೆ ಹೊಸಬನ ತಪ್ಪಿಗೆ ಕ್ಷಮೆಯೇ ಇರುವುದಿಲ್ಲ.

ಕೋಲು ಕೈಗೆ ಬಂದ ಮೇಲೂ ಏಟು ಬರುತ್ತಿರಲಿಲ್ಲ, ಬರುತ್ತಿದ್ದದ್ದು ಮಣಿಕಟ್ಟಿನ ಪಾಠ. ಲಾಠಿಯ ನಡುವನ್ನು ಬಲಗೈಯಲ್ಲಿ ಹಿಡಿದು, ಅಂಗೈಯನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೊರಳಿಸುತ್ತ, ಮೈಯ ಬಲಕ್ಕೊಂದು ಎಡಕ್ಕೊಂದು ಸುತ್ತು ಬರುವಂತೆ ತಿರುವಬೇಕು. ಕೋಲಿನ ತುದಿ ಗಾಳಿಯಲ್ಲಿ ಎಂಟರ ಅಂಕಿಯನ್ನು ಮಲಗಿಸಿ ಬರೆದಂತೆ ಓಡುತ್ತದೆ. ಹೊಸಬರೆಲ್ಲ ಇಲ್ಲಿ ಒಂದೇ ಬಗೆಯಲ್ಲಿ ಎಡವುತ್ತಾರೆ: ಕೋಲು ಜಾರಿಹೋದೀತೆಂಬ ಭಯಕ್ಕೆ ಐದೂ ಬೆರಳು ಬಿಗಿಹಿಡಿಯುತ್ತಾರೆ, ಬಿಗಿಹಿಡಿತದಲ್ಲಿ ಮಣಿಕಟ್ಟು ತಿರುಗದೆ ಮೊಳಕೈ ತಿರುಗುತ್ತದೆ, ಮೊಳಕೈ ತಿರುಗಿದರೆ ಹೆಗಲು ಸೋಲುತ್ತದೆ. ಹಿಡಿತವನ್ನು ಹೆಬ್ಬೆರಳು ಮತ್ತು ತೋರುಬೆರಳಿಗೆ ಬಿಟ್ಟು, ಉಳಿದ ಮೂರು ಬೆರಳು ತೆರೆದು ಮುಚ್ಚುವುದನ್ನು ಕಲಿತ ಗಳಿಗೆಯಲ್ಲಿ ಕೋಲು ತನ್ನ ಭಾರದಿಂದ ತಾನೇ ತಿರುಗತೊಡಗುತ್ತದೆ, ಕೈ ಅದರ ದಾರಿಗೆ ಅಡ್ಡ ಬರದಿದ್ದರೆ ಸಾಕಾಗುತ್ತದೆ; ಆ ಗಳಿಗೆಯ ಹಿಗ್ಗನ್ನು ಅನುಭವಿಸಿದವರು ಮುದುಕರಾದರೂ ಮರೆಯುವುದಿಲ್ಲ. ಅದಕ್ಕೆ ಮುಂಚೆ ಮೊಳಕಾಲ ಚಿಪ್ಪು, ಕಿವಿ, ಬೆರಳ ಗೆಣ್ಣುಗಳಿಗೆ ತನ್ನ ಕೋಲಿನಿಂದಲೇ ಪೆಟ್ಟು ಬೀಳುವುದು ಸಾಮಾನ್ಯವಾಗಿತ್ತು, ಹುಣಸೆಹಣ್ಣು ಉಪ್ಪು ಕುದಿಸಿ ಬೆಚ್ಚಗೆ ಹಚ್ಚುವ ಪಟ್ಟು ಮನೆಮನೆಯ ತಾಯಂದಿರಿಗೆ ಗೊತ್ತಿತ್ತು. ಬಲಗೈಗೆ ಬಂದದ್ದೆಲ್ಲ ಎಡಗೈಗೂ ಬರಬೇಕೆಂಬ ನಿಯಮವೂ ಇತ್ತು, ಅದನ್ನು ಪೂರ್ತಿ ಪಾಲಿಸಿದವರು ವಿರಳ.

ಕಾಲು ಮತ್ತು ಕೈಯನ್ನು ಕೂಡಿಸುತ್ತಿದ್ದದ್ದು ಹಲಗೆ ಎಂಬ ಚರ್ಮವಾದ್ಯದ ನುಡಿ, ಅದು ಮೊಳಗುತ್ತಿದ್ದದ್ದು ಮೊಹರಂನಲ್ಲಿ. ಈ ಸೀಮೆಯ ಮೊಹರಂ ಹಿಂದೂ ಮುಸಲ್ಮಾನರು ಕೂಡಿ ಮಾಡುವ ಹಬ್ಬ. ಪಂಜಾ ಎಂದು ಕರೆಯುವ ಲೋಹದ ಹಸ್ತಗಳನ್ನು ದೇವರೆಂದು ಕೂರಿಸಿ, ಅಲಾವಿ ಎಂಬ ಬೆಂಕಿಯ ಕುಣಿಯ ಸುತ್ತ ಹೆಜ್ಜೆಮೇಳಗಳು ಕುಣಿದು, ಕರ್ಬಲಾದ ಕಥೆ ಹೇಳುವ ರಿವಾಯತ ಪದಗಳನ್ನು ಕನ್ನಡದಲ್ಲಿ ಹಾಡುವ ದಿನಗಳವು. ಆ ದೇವರ ಸವಾರಿ ಹೊರಟಾಗ ಅದರ ಮುಂದೆ ಲಾಠಿ ಆಡುವವರಿರುತ್ತಿದ್ದರು, ಮತ್ತು ಹೊಸಬನ ಕಲಿಕೆಯೆಲ್ಲ ಆ ದಿನದ ಕಡೆಗೆ ಮುಖ ಮಾಡಿರುತ್ತಿತ್ತು. ಮೊಹರಂ ಚಾಂದ್ರಮಾನದ ಹಬ್ಬವಾದ್ದರಿಂದ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತ ಹೋಗುತ್ತದೆ. ಹೀಗಾಗಿ ಒಂದೇ ಊರಿನಲ್ಲಿ ಒಬ್ಬ ಅಣ್ಣ ಚಳಿಗಾಲದಲ್ಲಿ ಕಲಿತದ್ದನ್ನು ಅವನಿಗಿಂತ ಎಷ್ಟೋ ಚಿಕ್ಕವನಾದ ತಮ್ಮ ಮಳೆಗಾಲದಲ್ಲಿ, ಕೆಸರು ತಪ್ಪಿಸಿ ಗುಡಿಯ ಕಲ್ಲುಹಾಸಿನ ಮೇಲೆ ಕಲಿಯಬೇಕಾಗಿ ಬರುತ್ತಿತ್ತು, ಮತ್ತು ಇಬ್ಬರ ಹೆಜ್ಜೆಯಲ್ಲಿ ಆ ವ್ಯತ್ಯಾಸ ಉಳಿದುಬಿಡುತ್ತಿತ್ತು. ಹಲಗೆಯವರು ನಿಧಾನಗತಿಯಲ್ಲಿ ಶುರುಮಾಡಿ ಚುರುಕುಗೊಳಿಸುತ್ತ ಹೋದಂತೆ ಸಾಲಿನಲ್ಲಿದ್ದವರೆಲ್ಲ ಒಂದೇ ಪೆಟ್ಟಿಗೆ ಹೆಜ್ಜೆ ಬದಲಿಸಬೇಕಾದ್ದರಿಂದ, ಒಬ್ಬನ ಕೋಲು ಇನ್ನೊಬ್ಬನ ವಲಯಕ್ಕೆ ನುಗ್ಗದಂತೆ ತಾಳವೇ ಕಾಯುತ್ತಿತ್ತು. ಈಜಿಪ್ಟಿನ ತಹ್ತೀಬ್ ಎಂಬ ಕೋಲಿನಾಟ ಕಾಳಗದಿಂದ ಹಬ್ಬದ ಆಟವಾಗಿ ಬೆಳೆದು, ಸಂಗೀತದೊಡನೆ ನಡೆಯುತ್ತ ಬಂದು, 2016ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಹಬ್ಬಕ್ಕೆ ಒಲಿದ ಮಾತ್ರಕ್ಕೆ ಕಾಳಗದ ವಿದ್ಯೆ ಕೀಳಾಗುವುದಿಲ್ಲ ಎಂಬುದಕ್ಕೆ ಅದೂ ಸಾಕ್ಷಿ.

ಲಾಠಿಯ ಮಾತು ಬಂದಾಗ ಹೊರ್ತಿಯ ಹೆದ್ದಾರಿಯಲ್ಲೇ ವಿಜಯಪುರದ ಕಡೆಗಿರುವ ತಿಡಗುಂದಿಯನ್ನು ನೆನೆಯದೆ ಮುಂದೆ ಹೋಗಲಾಗದು. 1889ರಲ್ಲಿ ಆ ಊರಿನಲ್ಲಿ ಹುಟ್ಟಿದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿ ಲಾಲಾ ಲಜಪತ ರಾಯರ ಜೊತೆ ಸ್ವರಾಜ್ಯದ ಕೆಲಸ ಮಾಡಿ, 1921ರಲ್ಲಿ ನಾಡಿಗೆ ಮರಳಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಅವರ ಸಂಗಡಿಗರು ಸೆರೆಮನೆಯಲ್ಲಿ ಕ್ಷಮೆ ಕೇಳದೆ ಗಟ್ಟಿಯಾಗಿ ನಿಂತದ್ದು ಶಿಸ್ತುಳ್ಳ ಸ್ವಯಂಸೇವಕರ ಅಗತ್ಯವನ್ನು ಎತ್ತಿತೋರಿಸಿತು. ಅದೇ ವರ್ಷದ ಕೊನೆಯ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳದ ಬುನಾದಿ ಬಿತ್ತು, ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯ ಅಧಿವೇಶನವನ್ನು ಆ ಸ್ವಯಂಸೇವಕರು ನಿಭಾಯಿಸಿದರು, ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಮಹಿಳಾ ವಿಭಾಗವನ್ನು ಕಟ್ಟಿದರು. ಕವಾಯತು ಮತ್ತು ವ್ಯಾಯಾಮ ಈ ದಳದ ಉಸಿರಾಗಿದ್ದವು. ಆದರೆ ಲಾಠಿ ಆ ಕಾಲದಲ್ಲಿ ಎರಡು ಮುಖದ ವಸ್ತು: 1928ರ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಹರ್ಡೀಕರರ ಗುರುಸಮಾನರಾದ ಲಜಪತ ರಾಯರ ಮೇಲೆ ಬಿದ್ದದ್ದೂ ಪೊಲೀಸರ ಲಾಠಿಯೇ, ನವೆಂಬರ್ 17ರಂದು ಅವರು ತೀರಿಕೊಂಡರು, 1930ರ ಮೇ 21ರಂದು ಧರಾಸಣದ ಉಪ್ಪಿನ ಸತ್ಯಾಗ್ರಹಿಗಳು ಕೈಯನ್ನೂ ಎತ್ತದೆ ಸಹಿಸಿದ್ದು ತುದಿಗೆ ಲೋಹ ಬಿಗಿದ ಲಾಠಿಗಳ ಏಟನ್ನೇ. ಸೇವಾದಳದ ಹೆಸರಿನ ವ್ಯಾಯಾಮ ಸ್ವಾತಂತ್ರ್ಯಾನಂತರ ಭಾರತ ಸೇವಾದಳವಾಗಿ ಶಾಲೆಗಳಿಗೆ ಬಂತು, ಹರ್ಡೀಕರರು 1975ರವರೆಗೆ ಬದುಕಿದ್ದರು. ಬಡಿಯುವ ಬಲವಿದ್ದೂ ಬಡಿಯದೆ ನಿಲ್ಲುವವರನ್ನು ತಯಾರು ಮಾಡಹೊರಟ ಮನುಷ್ಯ ಇದೇ ಎರೆನೆಲದವರು ಎಂಬುದು ಈ ಸೀಮೆಯ ಲಾಠಿಯ ಮಕ್ಕಳಿಗೆ ಹೇಳಿಕೊಡಬೇಕಾದ ಸಂಗತಿ.

ಏಕೆಂದರೆ ಗರಡಿಯ ಕ್ರಮದಲ್ಲೂ ಜೋಡಿಯಾಟಕ್ಕೆ ಬಿಡುವಾಗ ಮೊದಲು ಕಲಿಸುತ್ತಿದ್ದದ್ದು ಏಟನ್ನು ನಿಲ್ಲಿಸುವುದನ್ನು. ಈ ವಿದ್ಯೆಯಲ್ಲಿ ಏಟುಗಳಿಗೆ ಅವು ಬೀಳುವ ಜಾಗದಿಂದ ಹೆಸರು. ಕೆನ್ನೆಯ ಕಡೆಗೆ ಬರುವುದು ತಮಾಚಾ, ನೆತ್ತಿಗೆ ಬರುವುದು ಶಿರ, ಹೀಗೆ ಮುಂದುವರಿಯುತ್ತದೆ. ಹಿಡಿತ ಈಗ ನಡುವಿನಿಂದ ಬುಡಕ್ಕೆ ಇಳಿದು ಎರಡೂ ಕೈ ಕೋಲಿನ ಮೇಲಿರುತ್ತವೆ, ತಲೆಗೆ ರುಮಾಲನ್ನು ದಪ್ಪವಾಗಿ ಸುತ್ತಿರುತ್ತಾರೆ, ಒಬ್ಬ ಹೆಸರು ಕೂಗಿ ಏಟು ತರುತ್ತಾನೆ, ಇನ್ನೊಬ್ಬ ತಡೆಯುತ್ತಾನೆ, ಆಮೇಲೆ ಸರದಿ ಬದಲಾಗುತ್ತದೆ. ತಡೆಯುವವನು ತಪ್ಪಿದರೂ ಏಟು ಮೈಯಿಂದ ನಾಲ್ಕು ಬೆರಳು ದೂರದಲ್ಲಿ ನಿಲ್ಲಬೇಕು. ನಿಲ್ಲಿಸಲಾರದವನು ಜೋಡಿಗೆ ಅನರ್ಹನೆಂದು ಮತ್ತೆ ಮೇಟಿಯ ಸುತ್ತಿಗೆ ಹೋಗಬೇಕು. ಈ ಹಂತದಲ್ಲಿ ಕಾಲಿನ ಪಾಠದ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು: ಎದುರಾಳಿಯ ಕೋಲಿನ ಕೊನೆಯ ಗೇಣು ಎಲ್ಲಿ ಹಾದುಹೋಗುತ್ತದೋ ಅಲ್ಲಿ ಇರಬಾರದು, ಒಂದೋ ಅದರ ಹೊರಗಿರಬೇಕು, ಇಲ್ಲವೇ ಅದರ ವೇಗ ಹುಟ್ಟುವ ಮೊದಲೇ ಒಳಗೆ ನುಗ್ಗಿ ಎದೆಗೆ ಎದೆಯಾಗಬೇಕು, ಮತ್ತು ಇವೆರಡೂ ಕೈಯ ಕೆಲಸವಲ್ಲ. ತನ್ನ ಕೋಲನ್ನೇ ನೋಡುತ್ತಿದ್ದ ಹುಡುಗ ಎದುರಿನವನ ಹೆಗಲನ್ನು ನೋಡಲು ಕಲಿಯುವುದೂ ಆಗಲೇ. ಏಟು ಕೋಲಿನಲ್ಲಿ ಕಾಣಿಸಿಕೊಳ್ಳುವ ಮೊದಲು ಹೆಗಲಿನಲ್ಲಿ ಕಾಣಿಸುತ್ತದೆ.

ಈಗ ಚಿತ್ರ ಬದಲಾಗಿದೆ. ರಾಶಿ ಮಾಡುವ ಯಂತ್ರ ಬಂದು ಕಣಗಳು ಹೋದವು, ಮೇಟಿಯನ್ನು ಕಾಣದ ಮಕ್ಕಳೇ ಹೆಚ್ಚು. ಪಂಜಾಬಿನ ಗತ್ಕಾ ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೂ ರಾಷ್ಟ್ರೀಯ ಕ್ರೀಡಾಕೂಟಕ್ಕೂ ಸೇರಿದ ಮೇಲೆ ಕೋಲಿನ ವಿದ್ಯೆಗಳಿಗೆ ಹೊಸ ಗೌರವ ಬಂದಿರುವುದು ಸಂತೋಷದ ವಿಷಯ. ಫಿಲಿಪ್ಪೀನ್ಸ್ ತನ್ನ ಬೆತ್ತದ ಕೋಲಿನ ಆರ್ನಿಸ್ ಅನ್ನು 2009ರಲ್ಲಿ ಕಾನೂನು ಮಾಡಿಯೇ ರಾಷ್ಟ್ರೀಯ ಕ್ರೀಡೆಯೆಂದು ಸಾರಿತು. ನಮ್ಮ ಸೀಮೆಯಲ್ಲೂ ಶಾಲಾ ಸಮಾರಂಭ, ಜಾತ್ರೆ, ಮೆರವಣಿಗೆಗಳಲ್ಲಿ ಹುಡುಗರು, ಈಚೆಗೆ ಹುಡುಗಿಯರೂ, ಲಾಠಿ ತಿರುವುತ್ತಾರೆ; ಹುಡುಗಿಯರನ್ನು ಸಾಲಿನ ಹೊರಗೆ ನಿಲ್ಲಿಸಿ ನೋಡಗೊಟ್ಟ ಹಿಂದಿನ ದಿನಗಳ ಅನ್ಯಾಯ ಇದರಿಂದ ಕೊಂಚ ಸರಿಹೋಗುತ್ತಿದೆ. ಕೊರತೆಯಿರುವುದು ಬೇರೆ ಕಡೆ. ತಿರುವುವುದು ನೋಟಕ್ಕೆ ಚೆನ್ನಾಗಿದ್ದು ಬೇಗ ಚಪ್ಪಾಳೆ ತರುವುದರಿಂದ ಕಲಿಕೆ ಅಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತಿದೆ, ನಿಂತಲ್ಲೇ ನಿಂತು ಕೋಲನ್ನು ಚಕ್ರದಂತೆ ಸುತ್ತುವವರು ಎದುರಿಗೊಬ್ಬ ಬಂದು ನಿಂತರೆ ಏನು ಮಾಡಬೇಕೆಂದು ತಿಳಿಯದೆ ಹೋಗುತ್ತಾರೆ. ಮೊಬೈಲಿನಲ್ಲಿ ನೋಡಿ ಕಲಿಯಹೊರಟವರಿಗೆ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಅಂಥ ಚಿತ್ರಗಳಲ್ಲಿ ಬಹುಪಾಲು ಸೊಂಟದಿಂದ ಮೇಲಷ್ಟೇ ತುಂಬಿಕೊಂಡು, ಕಲಿಯಬೇಕಾದ ಕಾಲೇ ಚೌಕಟ್ಟಿನ ಹೊರಗೆ ಉಳಿದುಬಿಡುತ್ತದೆ.

ಬರೋಡದ ದತ್ತಾತ್ರೇಯ ಚಿಂತಾಮಣ ಮುಜುಮ್‌ದಾರರು ಸಂಪಾದಿಸಿದ ಮರಾಠಿಯ ವ್ಯಾಯಾಮ ಜ್ಞಾನಕೋಶ ಲಾಠಿಯೂ ಸೇರಿದಂತೆ ಹಲವು ದೇಶೀ ಆಯುಧವಿದ್ಯೆಗಳನ್ನು ಹಿಡಿದಿಟ್ಟಿದೆ, ಅದರ ಇಂಗ್ಲಿಷ್ ರೂಪ 1950ರಲ್ಲಿ ಬಂತು. ಇಂಡಿ ಸಿಂದಗಿಯ ಕನ್ನಡದ ವಸ್ತಾದರು ಬಾಯಿಂದ ಬಾಯಿಗೆ ದಾಟಿಸಿದ ವರಸೆಗಳಿಗೂ ಅಂಥ ಒಂದು ನೆಲೆ ಬೇಕು, ಮತ್ತು ಅದಕ್ಕೆ ದೊಡ್ಡ ಸಂಸ್ಥೆಗಾಗಿ ಕಾಯಬೇಕಾಗಿಲ್ಲ. ಇನ್ನೂ ಬದುಕಿರುವ ಹಿರಿಯರನ್ನು ಊರ ಗುಡಿಯ ಮುಂದೆ ನಿಲ್ಲಿಸಿ, ಹಲಗೆಯವರನ್ನು ಕರೆಸಿ, ತಲೆಯಿಂದ ಹಿಮ್ಮಡಿಯವರೆಗೆ ಪೂರ್ತಿ ಮೈ ಕಾಣುವಷ್ಟು ದೂರದಿಂದ ಚಿತ್ರ ಹಿಡಿಯಬೇಕು. ಪ್ರತಿ ಏಟಿನ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ ಅವರ ಉಚ್ಚಾರದಲ್ಲೇ ಬರೆದಿಡಬೇಕು, ಯಾವ ಹೆಜ್ಜೆಗೆ ಹಲಗೆಯ ಯಾವ ಪೆಟ್ಟು ಎಂಬುದನ್ನು ಗುರುತಿಸಬೇಕು, ಮತ್ತು ಆ ಸಾಲಿನಲ್ಲಿ ಮೊದಲ ದಿನ ನಿಲ್ಲುವ ಮಗುವಿನ ಕೈಗೆ ಕಿವಿಮಟ್ಟದ, ಅಣಸಿಲ್ಲದ, ಎಣ್ಣೆ ಉಂಡ ಒಂದು ಬಿದಿರು ಸಿಗುವಂತೆ ಶಾಲೆಯೋ ಪಂಚಾಯಿತಿಯೋ ನೋಡಿಕೊಳ್ಳಬೇಕು.